ಜಿ.ಎನ್. ರಾಮಚಂದ್ರನ್: ಕಂಪ್ಯೂಟರ್ ಇಲ್ಲದೆ ಪ್ರೋಟೀನಿಗೆ ನಕ್ಷೆ ಬರೆದವರು

ಆರು ದಿನ ಕ್ಯೂನಲ್ಲಿ ಕಾದು ಹಚ್ಚಿದ್ದ ನನ್ನ ಸಿಮ್ಯುಲೇಶನ್ ಕಳೆದ ತಿಂಗಳು ಒಂದು ರಾತ್ರಿ ಹನ್ನೊಂದೂವರೆಗೆ ನಿಂತುಹೋಯ್ತು. ಜೀವಕೋಶದ ಪೊರೆಯಲ್ಲಿ ಹುದುಗಿರುವ ಒಂದು ಪ್ರೋಟೀನ್, ಅದರ ಸುತ್ತ ಕೊಬ್ಬಿನ ಅಣುಗಳು, ಮೇಲೆ ಕೆಳಗೆ ನೀರು, ಒಂದಿಷ್ಟು ಉಪ್ಪು. ಎಲ್ಲಾ ಸೇರಿ ಸುಮಾರು ಒಂದೂವರೆ ಲಕ್ಷ ಪರಮಾಣು. ಅವು ಹೇಗೆ ಅಲುಗಾಡುತ್ತವೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡೋದು ನನ್ನ ಪಿಎಚ್.ಡಿ. ಕೆಲಸ. ಆ ರಾತ್ರಿ ಒಂದು ಪರಮಾಣು ಎಲ್ಲೆಲ್ಲಿಗೋ ಹಾರಿಹೋಗಿ ಇಡೀ ಲೆಕ್ಕ ಕುಸಿದಿತ್ತು.

ತಪ್ಪು ಎಲ್ಲಿದೆ ಅಂತ ಹುಡುಕಲು ನಮ್ಮ ಕ್ಷೇತ್ರದವರೆಲ್ಲ ಮೊದಲು ತೆಗೆಯೋದು ಒಂದೇ ಚಿತ್ರ. ಚೌಕಾಕಾರದ ಒಂದು ನಕ್ಷೆ. ಅದರಲ್ಲಿ ಕೆಲವು ಜಾಗಕ್ಕೆ ಬಣ್ಣ, ಉಳಿದದ್ದೆಲ್ಲ ಬಿಳಿ. ಪ್ರೋಟೀನಿನ ಒಂದೊಂದು ಕೊಂಡಿಗೂ ಒಂದೊಂದು ಚುಕ್ಕಿ. ಚುಕ್ಕಿ ಬಣ್ಣದ ಜಾಗದಲ್ಲಿದ್ದರೆ ಸರಿ, ಬಿಳಿಯಲ್ಲಿದ್ದರೆ ಅನುಮಾನ. ನನ್ನ ಒಂದು ಚುಕ್ಕಿ ಬಿಳಿಯ ನಟ್ಟನಡುವೆ ಕೂತಿತ್ತು. ಆರಂಭದ ಮಾದರಿಯನ್ನೇ ನಾನು ತಪ್ಪಾಗಿ ಕಟ್ಟಿದ್ದೆ.

ಆ ನಕ್ಷೆಗೆ ರಾಮಚಂದ್ರನ್ ಪ್ಲಾಟ್ ಅಂತ ಹೆಸರು. ಜಗತ್ತಿನ ಯಾವ ಮೂಲೆಯಲ್ಲಿ ಯಾರು ಪ್ರೋಟೀನಿನ ಆಕಾರ ಕಂಡುಹಿಡಿದರೂ ಈ ನಕ್ಷೆಯ ಮುಂದೆ ನಿಂತು ಹಾಜರಿ ಕೊಡಲೇಬೇಕು. ಇದನ್ನು ಬರೆದವರು 1963ರ ಮದ್ರಾಸಿನ ಮೂವರು. ಅವರ ಹತ್ತಿರ ನನಗಿರುವಂಥ ಕಂಪ್ಯೂಟರ್ ಇರಲಿಲ್ಲ. ಹಾಗೆ ನೋಡಿದರೆ, ಆ ತಿಂಗಳು ನನ್ನ ಹತ್ತಿರವೂ ಒಂದು ಇರಲಿಲ್ಲ: ಐದು ತಿಂಗಳಿನಿಂದ ಫೆಲೋಶಿಪ್ ಬಂದಿರಲಿಲ್ಲ. ಅರಸೀಕೆರೆಯಿಂದ ಅಮ್ಮ ಫೋನ್ ಮಾಡಿದಾಗೆಲ್ಲ ಕೇಳ್ತಾ ಇದ್ದದ್ದು ಎರಡೇ ಮಾತು. ಊಟ ಆಯ್ತಾ, ದುಡ್ಡು ಬಂತಾ.

ಬಿಟ್ಟು ಕಂಪನಿ ಸೇರೋದಾ, ಇಲ್ಲೇ ಉಳಿಯೋದಾ ಅನ್ನೋ ಗೊಂದಲದಲ್ಲಿದ್ದ ಆ ದಿನಗಳಲ್ಲಿ ನಾನು ಈ ಮನುಷ್ಯನ ಬದುಕನ್ನು ಓದಿದೆ. ಸ್ಫೂರ್ತಿಗಾಗಿ ಅಲ್ಲ. ಸ್ಫೂರ್ತಿಯಿಂದ ಪಿಜಿ ಬಾಡಿಗೆ ಕಟ್ಟೋಕಾಗಲ್ಲ. ಇಂಥ ಕೆಲಸ ಇಂಥ ದೇಶದಲ್ಲಿ ಹೇಗೆ ಸಾಧ್ಯವಾಯ್ತು, ಅದಕ್ಕೆ ಏನೇನು ಬೇಕಾಯ್ತು ಅಂತ ತಿಳ್ಕೊಳ್ಳೋಕೆ.

ರಾಮನ್ ಲ್ಯಾಬಿನಲ್ಲಿ ಇಬ್ಬರು

ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಂದೆ ನಾರಾಯಣ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು, ಮುಂದೆ ಪ್ರಾಂಶುಪಾಲರು. ಅಂದರೆ ಮನೆಯಲ್ಲೇ ಪುಸ್ತಕ, ಮನೆಯಲ್ಲೇ ಗಣಿತ. ಈ ಮಾತನ್ನು ಮೊದಲೇ ಹೇಳಿಬಿಡಬೇಕು. ನಮ್ಮ ವಿಜ್ಞಾನಿಗಳ ಜೀವನಚರಿತ್ರೆಗಳು ಪ್ರತಿಭೆಯಿಂದಲೇ ಶುರುವಾಗುತ್ತವೆ. ಆ ಪ್ರತಿಭೆ ಯಾವ ಜಾತಿಯ, ಯಾವ ಅಂಗಳದಲ್ಲಿ ಬೆಳೆಯಿತು ಅನ್ನೋದನ್ನು ಹಾರಿಸಿಬಿಡುತ್ತವೆ. ರಾಮಚಂದ್ರನ್ ಅಸಾಧಾರಣ ಬುದ್ಧಿವಂತರು. ಜತೆಗೆ, ಆ ಬುದ್ಧಿಯನ್ನು ಗುರುತಿಸಬಲ್ಲ ಮನೆಯಲ್ಲಿ ಹುಟ್ಟಿದವರು. ಎರಡೂ ನಿಜ.

ತಿರುಚ್ಚಿಯ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಭೌತವಿಜ್ಞಾನ ಆನರ್ಸ್ ಮುಗಿಸಿ 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ನಮ್ಮ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಬಂದರು. ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ಗೆ. ಆದರೆ ಮನಸ್ಸು ಪಕ್ಕದ ಭೌತವಿಜ್ಞಾನ ವಿಭಾಗದಲ್ಲಿತ್ತು. ಅಲ್ಲಿದ್ದವರು ಸಿ.ವಿ. ರಾಮನ್. ಹುಡುಗನನ್ನು ಕಂಡ ರಾಮನ್ ಎಂಜಿನಿಯರಿಂಗ್ ಬಿಡಿಸಿ ತಮ್ಮ ಕಡೆ ಎಳೆದುಕೊಂಡರು. ವಜ್ರ, ಸ್ಫಟಿಕ, ಎಕ್ಸ್-ರೇ ಅಂತ ಐದು ವರ್ಷ ರಾಮಚಂದ್ರನ್ ಕೆಲಸ ಮಾಡಿದ್ದು ಅಲ್ಲೇ. ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಒಪ್ಪಿಸಿ ಮೊದಲು ಮಾಸ್ಟರ್ಸ್, 1947ರಲ್ಲಿ ಡಿ.ಎಸ್ಸಿ. ಪಡೆದರು.

ಅದೇ ವರ್ಷಗಳಲ್ಲಿ ಅದೇ ರಾಮನ್ ಕೈಕೆಳಗೆ, ವಜ್ರ ಮತ್ತು ಮಾಣಿಕ್ಯದ ಮೇಲೆ ಕೆಲಸ ಮಾಡುತ್ತಿದ್ದ ಇನ್ನೊಬ್ಬರಿದ್ದರು. ತಿರುವಾಂಕೂರಿನ ಪೀರುಮೇಡಿನ ಅಣ್ಣಾ ಮಣಿ. 1945ರಲ್ಲಿ ಅವರೂ ಪ್ರಬಂಧ ಬರೆದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಎಂ.ಎಸ್ಸಿ. ಪದವಿ ಇಲ್ಲ ಅನ್ನೋ ಕಾರಣಕ್ಕೆ ಅವರಿಗೆ ಪಿಎಚ್.ಡಿ. ಸಿಗಲಿಲ್ಲ. ಮುಂದೆ ಅವರು ಹವಾಮಾನ ಇಲಾಖೆ ಸೇರಿ, ಈ ದೇಶದಲ್ಲೇ ಹವಾಮಾನದ ಉಪಕರಣಗಳನ್ನು ಮಾಡುವ ವ್ಯವಸ್ಥೆ ಕಟ್ಟಿದರು. ಅದಕ್ಕೂ ಹತ್ತು ವರ್ಷ ಮೊದಲು ಕಮಲಾ ಸೊಹೊನಿ ಹೆಣ್ಣು ಅನ್ನೋ ಕಾರಣಕ್ಕೆ ಇದೇ ಸಂಸ್ಥೆಯಲ್ಲಿ ಸೀಟಿಗಾಗಿ ರಾಮನ್ ಎದುರೇ ಹೋರಾಡಬೇಕಾಗಿ ಬಂದಿತ್ತು. ರಾಮಚಂದ್ರನ್ ಕತೆ ಹೇಳುವಾಗ ಇದನ್ನು ಬಿಟ್ಟು ಹೇಳಿದರೆ ಅರ್ಧ ಕತೆ ಹೇಳಿದ ಹಾಗೆ. ಒಂದೇ ಛಾವಣಿ ಕೆಳಗೆ ಒಬ್ಬರಿಗೆ ಬಾಗಿಲು ತಾನಾಗೇ ತೆರೆಯಿತು. ಇನ್ನೊಬ್ಬರು ಒಳಗೆ ಬಂದಮೇಲೂ ಹೊರಗೇ ಉಳಿದರು.

ಇಪ್ಪತ್ತೊಂಬತ್ತನೇ ವಯಸ್ಸಿಗೆ ವಿಭಾಗದ ಮುಖ್ಯಸ್ಥ

1947ರಲ್ಲಿ ರಾಮಚಂದ್ರನ್ ಕೇಂಬ್ರಿಡ್ಜಿನ ಕ್ಯಾವೆಂಡಿಷ್ ಪ್ರಯೋಗಾಲಯಕ್ಕೆ ಹೋದರು. ವೂಸ್ಟರ್ ಅವರ ಜತೆ ಎರಡು ವರ್ಷ ಕೆಲಸ ಮಾಡಿ ಅಲ್ಲೂ ಪಿಎಚ್.ಡಿ. ಮುಗಿಸಿದರು. 1949ರಲ್ಲಿ ವಾಪಸ್ ಬೆಂಗಳೂರಿಗೆ ಬಂದರು.

1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಹೊಸದಾಗಿ ಭೌತವಿಜ್ಞಾನ ವಿಭಾಗ ಕಟ್ಟಲು ಹೊರಟಿತ್ತು. ಕುಲಪತಿ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ರಾಮನ್ ಅವರನ್ನು ಕೇಳಿದರು. ರಾಮನ್ ಬೆಂಗಳೂರು ಬಿಡಲು ಒಪ್ಪದೆ ತಮ್ಮ ಶಿಷ್ಯನ ಹೆಸರು ಹೇಳಿದರು. ಹಾಗೆ 29ನೇ ವಯಸ್ಸಿಗೆ ರಾಮಚಂದ್ರನ್ ಪ್ರಾಧ್ಯಾಪಕರೂ ಆದರು, ವಿಭಾಗದ ಮುಖ್ಯಸ್ಥರೂ ಆದರು.

ಈ ಮುದಲಿಯಾರ್ ಯಾರು ಅಂತ ನೋಡಿದರೆ ಒಂದು ಸ್ವಾರಸ್ಯ ಇದೆ. ವೃತ್ತಿಯಿಂದ ವೈದ್ಯರು. ಇವರ ಅವಳಿ ಸಹೋದರ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್, ಬ್ರಾಹ್ಮಣೇತರ ಚಳವಳಿಯ ಜಸ್ಟಿಸ್ ಪಾರ್ಟಿಯ ದೊಡ್ಡ ನಾಯಕ. ನಮ್ಮ ಮೈಸೂರು ಸಂಸ್ಥಾನದ ಕೊನೆಯ ದಿವಾನರೂ ಅವರೇ. ಅಂಥ ಮನೆತನದ ಕುಲಪತಿ ಒಬ್ಬ ಅಯ್ಯರ್ ಹುಡುಗನ ಕೈಗೆ ವಿಭಾಗವನ್ನೇ ಕೊಟ್ಟು, ಬೇಕಾದ ಉಪಕರಣ ತರಿಸಿಕೊಟ್ಟು, ಯಾರೂ ಅಡ್ಡ ಬರದ ಹಾಗೆ ಬೆನ್ನಿಗೆ ನಿಂತರು. ಮೀಸಲಾತಿ ಮತ್ತು ಮೆರಿಟ್ ಬಗ್ಗೆ ಸೋಷಿಯಲ್ ಮೀಡಿಯಾದಲ್ಲಿ ದಿನಾ ಕಿತ್ತಾಡುವ ನಮಗೆ ಈ ಚಿತ್ರ ಅಷ್ಟು ಸುಲಭವಾಗಿ ಯಾವ ಕಡೆಗೂ ಹೊಂದಲ್ಲ.

ಕಾಂಗರೂ ಬಾಲದಿಂದ ಬಂದ ಸುರುಳಿ

ಆಗಷ್ಟೇ ಮದ್ರಾಸಿಗೆ ಬಂದು ಹೋಗಿದ್ದ ಬ್ರಿಟನ್ನಿನ ವಿಜ್ಞಾನಿ ಜೆ.ಡಿ. ಬರ್ನಲ್, ಕೊಲಾಜೆನ್ ಎಂಬ ಪ್ರೋಟೀನಿನ ರಚನೆ ಇನ್ನೂ ಯಾರಿಗೂ ಬಗೆಹರಿದಿಲ್ಲ ಎಂಬ ಸುಳಿವು ಕೊಟ್ಟಿದ್ದರು. ಬರ್ನಲ್ ಕಟ್ಟಾ ಕಮ್ಯುನಿಸ್ಟ್, ವಿಜ್ಞಾನ ಸಮಾಜಕ್ಕೆ ಏನು ಮಾಡಬೇಕು ಅಂತ ಬದುಕಿಡೀ ಬರೆದವರು. ಕೊಲಾಜೆನ್ ಅಂದರೆ ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳನ್ನು ಹಿಡಿದಿಟ್ಟಿರುವ ನಾರು. ದೇಹದ ಒಟ್ಟು ಪ್ರೋಟೀನಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಅದೇ. ವಿಶ್ವವಿದ್ಯಾಲಯದ ನೆರೆಯಲ್ಲೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇತ್ತು. ಚರ್ಮ ಹದ ಮಾಡುವವರ ಜ್ಞಾನ ಪಕ್ಕದಲ್ಲೇ ಸಿಕ್ಕಿತು. ಕಾಂಗರೂ ಬಾಲದ ಸ್ನಾಯುರಜ್ಜು ಒಳ್ಳೆ ಎಕ್ಸ್-ರೇ ಚಿತ್ರ ಕೊಡುತ್ತದೆ ಅಂತ ಗೊತ್ತಾಗಿ ಅದನ್ನೂ ಬಳಸಿದರು.

ಗೋಪಿನಾಥ್ ಕರ್ತಾ ಜತೆ ಸೇರಿ ರಾಮಚಂದ್ರನ್ 1954ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಮಾದರಿ ಪ್ರಕಟಿಸಿದರು. ಕೊಲಾಜೆನ್ ಅಂದರೆ ಮೂರು ಎಳೆಗಳು ಒಂದಕ್ಕೊಂದು ಹೊಂದಿಕೊಂಡ ಸುರುಳಿ. ಮರುವರ್ಷ ಅದನ್ನೇ ತಿದ್ದಿ, ಮೂರೂ ಎಳೆ ಹಗ್ಗ ಹೊಸೆದ ಹಾಗೆ ಸುತ್ತಿಕೊಂಡಿವೆ ಎಂದರು. ಈ ನಾರಿನಲ್ಲಿ ಪ್ರತಿ ಮೂರನೇ ಕೊಂಡಿ ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲ. ಹಗ್ಗದ ಒಳಭಾಗದಲ್ಲಿ ಜಾಗ ಎಷ್ಟು ಇಕ್ಕಟ್ಟು ಅಂದರೆ ಬೇರೆ ಯಾವುದೂ ಅಲ್ಲಿ ಹಿಡಿಸಲ್ಲ. ಗ್ಲೈಸಿನ್ ಯಾಕೆ ಮೂರಕ್ಕೊಂದು ಅನ್ನೋ ಒಗಟಿಗೆ ಆ ಆಕಾರದಲ್ಲೇ ಉತ್ತರ ಇತ್ತು.

ಡಿಎನ್‌ಎಯ ಜೋಡಿ ಸುರುಳಿಯಿಂದ ಆಗಲೇ ಹೆಸರಾಗಿದ್ದ ಫ್ರಾನ್ಸಿಸ್ ಕ್ರಿಕ್, ಅಲೆಕ್ಸಾಂಡರ್ ರಿಚ್ ಜತೆ ಸೇರಿ 1955ರಲ್ಲಿ ಇದಕ್ಕೆ ತಕರಾರು ತೆಗೆದರು. ಮೂರೆಳೆ ಸರಿ, ಆದರೆ ಮದ್ರಾಸಿನವರ ಮಾದರಿಯಲ್ಲಿ ಕೆಲವು ಪರಮಾಣುಗಳು ಅಸಾಧ್ಯವಾದಷ್ಟು ಹತ್ತಿರ ಇವೆ, ಹೈಡ್ರೋಜನ್ ಬಂಧಗಳೂ ಎಣಿಸಿದಷ್ಟಿಲ್ಲ ಅನ್ನೋದು ಅವರ ವಾದ. ಇದು ವರ್ಷಗಟ್ಟಲೆ ನಡೆಯಿತು. ಪಠ್ಯಪುಸ್ತಕಗಳಲ್ಲಿ ಮದ್ರಾಸಿನ ಹೆಸರು ಒಮ್ಮೆ ಬಂತು, ಒಮ್ಮೆ ಹೋಯ್ತು. 1994ರಲ್ಲಿ ಕೊಲಾಜೆನ್‌ನಂಥ ಒಂದು ಪೆಪ್ಟೈಡಿನ ಸ್ಫಟಿಕ ರಚನೆ ಸ್ಪಷ್ಟವಾಗಿ ಸಿಕ್ಕಾಗ ಕಂಡದ್ದು ಇಷ್ಟು: ಮೂರೆಳೆಯ ಹೊಸೆದ ಸುರುಳಿ ನಿಜ, ನೇರ ಹೈಡ್ರೋಜನ್ ಬಂಧದ ಲೆಕ್ಕದಲ್ಲಿ ಕ್ರಿಕ್ ಮತ್ತು ರಿಚ್ ಸರಿ, ಎಳೆಗಳ ನಡುವೆ ನೀರಿನ ಅಣುಗಳೂ ಕೊಂಡಿಯಾಗಿ ನಿಂತಿವೆ. ನೀರಿಗೆ ಅಂಥ ಪಾತ್ರ ಇರಬೇಕು ಅಂತ ರಾಮಚಂದ್ರನ್ ಕಡೆಯವರು ಆ ಮೊದಲೇ ವಾದಿಸಿದ್ದರು.

ಇದನ್ನು ಭಾರತ ಗೆದ್ದಿತು, ಬ್ರಿಟನ್ ಸೋತಿತು ಅಂತ ವಾಟ್ಸಾಪ್ ಫಾರ್ವರ್ಡ್ ಮಾಡೋಕೆ ಬರಲ್ಲ. ಇಬ್ಬರೂ ಒಂದಿಷ್ಟು ಸರಿ, ಒಂದಿಷ್ಟು ತಪ್ಪು. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಆಕ್ಷೇಪ ಬಂದಾಗ ರಾಮಚಂದ್ರನ್ ವಸಾಹತುಶಾಹಿಯ ಸೊಕ್ಕು ಅಂತ ಗೊಣಗಿ ಸುಮ್ಮನಾಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ತೀರಾ ಹತ್ತಿರ ಅಂತಾರಲ್ಲ, ಎಷ್ಟು ಹತ್ತಿರ ಅಂದ್ರೆ ತೀರಾ ಹತ್ತಿರ, ಅದನ್ನು ಯಾರು ಅಳೆದಿದ್ದಾರೆ ಅನ್ನೋ ಪ್ರಶ್ನೆ ಇಟ್ಟುಕೊಂಡು ಕೂತರು.

ಜಗಳದಿಂದ ಹುಟ್ಟಿದ ನಕ್ಷೆ

ಅಲ್ಲಿಯವರೆಗೆ ಪ್ರಕಟವಾಗಿದ್ದ ಸಣ್ಣ ಅಣುಗಳ ಸ್ಫಟಿಕ ರಚನೆಗಳನ್ನೆಲ್ಲ ಜಾಲಾಡಿ, ಬಂಧ ಇಲ್ಲದ ಎರಡು ಪರಮಾಣುಗಳು ಎಷ್ಟು ಹತ್ತಿರ ಬರಬಲ್ಲವು ಅಂತ ಅವರ ತಂಡ ಪಟ್ಟಿ ಮಾಡಿತು. ಇಂಗಾಲಕ್ಕೂ ಆಮ್ಲಜನಕಕ್ಕೂ ಇಷ್ಟು, ಸಾರಜನಕಕ್ಕೂ ಜಲಜನಕಕ್ಕೂ ಇಷ್ಟು ಅಂತ. ಅಳತೆಯ ಮಾನ ಆಂಗ್‌ಸ್ಟ್ರಾಮ್, ಅಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರ. ಒಂದು ಕೊಂಡಿಯಿಂದ ಇನ್ನೊಂದಕ್ಕೆ ಇರುವ ಪೆಪ್ಟೈಡ್ ಬಂಧ ಹಲಗೆಯ ಹಾಗೆ ಚಪ್ಪಟೆ, ತಿರುಗಲ್ಲ. ತಿರುಗೋದು ಎರಡು ಹಲಗೆ ಸೇರುವ ಕಡೆ ಮಾತ್ರ. ಅಲ್ಲಿ ಎರಡು ಕೋನ: ಫೈ ಮತ್ತು ಸೈ. ಬಾಗಿಲಿನ ಎರಡು ತಿರುಗಣಿ ಅಂದುಕೊಳ್ಳಿ. ಸರದುದ್ದಕ್ಕೂ ಈ ಎರಡು ಕೋನ ಗೊತ್ತಾದರೆ ಬೆನ್ನೆಲುಬಿನ ಆಕಾರ ಹೆಚ್ಚುಕಡಿಮೆ ಗೊತ್ತಾದ ಹಾಗೆ. ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್ ಎಂಬ ಇಬ್ಬರು ಕಿರಿಯರ ಜತೆ ಕೂತು ರಾಮಚಂದ್ರನ್ ಮಾಡಿದ್ದು ಇಷ್ಟೇ. ಫೈ ಕೋನವನ್ನು ಅಡ್ಡಕ್ಕೆ, ಸೈ ಕೋನವನ್ನು ಉದ್ದಕ್ಕೆ ಇಟ್ಟು, ಒಂದೊಂದು ಜೋಡಿ ಕೋನಕ್ಕೂ ಪರಮಾಣುಗಳು ಎಲ್ಲಿ ಬರುತ್ತವೆ, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವಾ ಇಲ್ಲವಾ ಅಂತ ಲೆಕ್ಕ ಹಾಕಿದರು. ಮೇಜಿನ ಮೇಲಿನ ಲೆಕ್ಕದ ಯಂತ್ರ, ಕಾಗದ, ತಾಳ್ಮೆ. ಇದ್ದದ್ದು ಅಷ್ಟೇ.

ಸಿಕ್ಕ ಉತ್ತರ ನೋಡಿ. ಆ ಚೌಕದಲ್ಲಿ ಸುಮಾರು ಮುಕ್ಕಾಲು ಭಾಗ ನಿಷಿದ್ಧ. ಪ್ರೋಟೀನ್ ಸರ ಹೇಗೆ ಬೇಕಾದರೂ ಬಾಗಬಹುದು ಅಂದುಕೊಂಡಿದ್ದರೆ, ಇಲ್ಲ, ಅದಕ್ಕೆ ಇರೋದು ಕೆಲವೇ ಓಣಿಗಳು. ಲೈನಸ್ ಪೌಲಿಂಗ್ ತಂಡ ಆ ಮೊದಲೇ ಹೇಳಿದ್ದ ಆಲ್ಫಾ ಸುರುಳಿ, ಬೀಟಾ ಹಾಳೆ ಎರಡೂ ಅನುಮತಿ ಇರುವ ಓಣಿಗಳಲ್ಲೇ ಬಂದು ಕೂತವು. 1963ರಲ್ಲಿ ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿಯಲ್ಲಿ ಪ್ರಕಟವಾದ ಆ ಲೇಖನ ಐದು ಪುಟದ್ದು. ಆಗ ಪರಮಾಣು ಮಟ್ಟದಲ್ಲಿ ಆಕಾರ ತಿಳಿದಿದ್ದ ಪ್ರೋಟೀನ್‌ಗಳು ಬೆರಳೆಣಿಕೆಯಷ್ಟು. ಇವತ್ತು ಎರಡು ಲಕ್ಷಕ್ಕೂ ಹೆಚ್ಚು ರಚನೆಗಳು ಸಾರ್ವಜನಿಕ ಸಂಗ್ರಹದಲ್ಲಿವೆ. ಅವುಗಳ ಚುಕ್ಕಿಗಳು ಬೀಳೋದು ಬಹುಪಾಲು ಅದೇ ಓಣಿಗಳಲ್ಲಿ.

ನನಗೆ ಈ ನಕ್ಷೆಯಲ್ಲಿ ಇಷ್ಟವಾಗೋದು ಅದರ ಸರಳತೆ. ಇಲ್ಲಿ ದೊಡ್ಡ ಸಿದ್ಧಾಂತ ಇಲ್ಲ. ಒಂದೇ ಜಾಗದಲ್ಲಿ ಇಬ್ಬರು ಕೂರೋಕಾಗಲ್ಲ ಅನ್ನೋ ಬಸ್ಸಿನ ಸೀಟಿನ ನ್ಯಾಯ. ಅದನ್ನೇ ಕಟ್ಟುನಿಟ್ಟಾಗಿ, ಕೊನೆಯವರೆಗೂ ಹಿಡಿದು ಲೆಕ್ಕ ಹಾಕಿದ್ದಷ್ಟೇ.

ನಕ್ಷೆ ಸಿಮ್ಯುಲೇಶನ್ ಒಳಗೆ ಬಂದದ್ದು

ಮದ್ರಾಸಿನ ನಕ್ಷೆ ನಿಂತ ಚಿತ್ರ. ಅದರ ಮರುವರ್ಷ, 1964ರಲ್ಲಿ, ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನ್ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಅಣುಗಳ ಚಲನೆಯನ್ನೇ ಕಂಪ್ಯೂಟರಿಗೆ ತಂದರು. ದ್ರವರೂಪದ ಆರ್ಗಾನ್ ಅನಿಲದ 864 ಪರಮಾಣುಗಳು. ಒಂದೊಂದರ ಮೇಲೂ ಉಳಿದವು ಎಷ್ಟು ಬಲ ಹಾಕುತ್ತವೆ ಅಂತ ಲೆಕ್ಕ ಹಾಕಿ, ನ್ಯೂಟನ್ ನಿಯಮದ ಪ್ರಕಾರ ಅವನ್ನು ಒಂದು ಚೂರು ಮುಂದೆ ಸರಿಸಿ, ಮತ್ತೆ ಲೆಕ್ಕ, ಮತ್ತೆ ಒಂದು ಚೂರು. ನಾನು ಇವತ್ತು ಮಾಡೋದೂ ಇದನ್ನೇ. ನನ್ನ ಒಂದು ಹೆಜ್ಜೆ ಎರಡು ಫೆಮ್ಟೋಸೆಕೆಂಡ್. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಹೊತ್ತಿನ ಅಲುಗಾಟ ನೋಡಬೇಕಾದರೆ 50 ಕೋಟಿ ಹೆಜ್ಜೆ ಇಡಬೇಕು.

ಮೊದಲ ಬಾರಿಗೆ ಒಂದು ಪ್ರೋಟೀನ್ ಹೀಗೆ ಕಂಪ್ಯೂಟರಿನಲ್ಲಿ ಅಲುಗಿದ್ದು 1977ರಲ್ಲಿ. ಮೆಕ್ಯಾಮನ್, ಗೆಲಿನ್, ಕಾರ್ಪ್ಲಸ್ ಸೇರಿ 58 ಕೊಂಡಿಗಳ ಪುಟ್ಟ ಪ್ರೋಟೀನ್ ಒಂದನ್ನು 9.2 ಪಿಕೋಸೆಕೆಂಡ್ ಓಡಿಸಿದರು. ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿ ಅದರಲ್ಲಿ ಒಂಬತ್ತು ಪಾಲು ತಗೊಂಡಷ್ಟು ಹೊತ್ತು. ಪ್ರೋಟೀನ್ ಕಲ್ಲಿನ ಮೂರ್ತಿ ಅಲ್ಲ, ಸದಾ ಮಿಸುಕಾಡುವ ಜೀವ ಅನ್ನೋದು ಅಲ್ಲಿಂದ ಎಲ್ಲರಿಗೂ ಮನದಟ್ಟಾಯ್ತು. 2013ರಲ್ಲಿ ಕಾರ್ಪ್ಲಸ್, ಲೆವಿಟ್, ವಾರ್ಷೆಲ್ ಅವರಿಗೆ ಈ ಬಗೆಯ ಕಂಪ್ಯೂಟರ್ ಮಾದರಿಗಳಿಗಾಗಿ ನೊಬೆಲ್ ಬಂತು. ಅಷ್ಟು ಹೊತ್ತಿಗೆ ರಹಮಾನ್ ತೀರಿಕೊಂಡು 26 ವರ್ಷ, ರಾಮಚಂದ್ರನ್ ತೀರಿಕೊಂಡು 12 ವರ್ಷ ಆಗಿತ್ತು.

ಪೊರೆಯೊಳಗಿನ ಪ್ರೋಟೀನ್ ವಿಷಯದಲ್ಲಿ ಈ ನಕ್ಷೆ ಇನ್ನೂ ಹೆಚ್ಚು ಮಾತಾಡುತ್ತೆ. ಜೀವಕೋಶದ ಪೊರೆಯ ಒಳಪದರ ಎಣ್ಣೆಯ ಹಾಗೆ. ನೀರನ್ನು ಹತ್ತಿರ ಸೇರಿಸಲ್ಲ. ಅದನ್ನು ಹಾದುಹೋಗುವ ಪ್ರೋಟೀನ್ ಎಳೆ ತನ್ನ ಹೈಡ್ರೋಜನ್ ಬಂಧಗಳನ್ನು ತನ್ನೊಳಗೇ ತೀರಿಸಿಕೊಳ್ಳಬೇಕು. ಅದಕ್ಕೆ ಅನುಕೂಲವಾದ ಆಕಾರ ಆಲ್ಫಾ ಸುರುಳಿ. ಹಾಗಾಗಿ ಸುಮಾರು 20 ಕೊಂಡಿಗಳ ಸುರುಳಿ ಪೊರೆಯ ಈ ಬದಿಯಿಂದ ಆ ಬದಿಗೆ ಕಂಬದಂತೆ ನಿಲ್ಲುತ್ತದೆ, ಅದರ ಚುಕ್ಕಿಗಳೆಲ್ಲ ನಕ್ಷೆಯ ಒಂದೇ ಓಣಿಯಲ್ಲಿ ಗುಂಪುಗೂಡುತ್ತವೆ. ನರದಲ್ಲಿ ಸಂದೇಶ ಹರಿಯೋದು, ಹೃದಯ ಬಡಿಯೋದು, ಎಷ್ಟೋ ಔಷಧಿ ಕೆಲಸ ಮಾಡೋದು ಇಂಥ ಕಂಬಗಳ ಸಂದಿಯಲ್ಲೇ. ಪ್ರಯೋಗದಲ್ಲಿ ಇವು ಸುಲಭಕ್ಕೆ ಕೈಗೆ ಸಿಗಲ್ಲ, ಪೊರೆಯಿಂದ ಕಿತ್ತರೆ ಆಕಾರ ಕೆಡುತ್ತವೆ. ಅದಕ್ಕೇ ಸಿಮ್ಯುಲೇಶನ್ ಬೇಕಾಗೋದು. ಕೋವಿಡ್ ಕಾಲದಲ್ಲಿ ವೈರಸ್ಸಿನ ಸ್ಪೈಕ್ ಪ್ರೋಟೀನ್ ತನ್ನ ಮೇಲಿನ ಸಕ್ಕರೆ ಹೊದಿಕೆಯೊಳಗೆ ಹೇಗೆ ಅಡಗುತ್ತದೆ ಅನ್ನೋದನ್ನು ಪೊರೆಯ ಸಮೇತ ತೋರಿಸಿದ್ದು ಈ ಬಗೆಯ ಲೆಕ್ಕಗಳೇ.

ಇನ್ನೊಂದು ಮಾತು. ಸಿಮ್ಯುಲೇಶನ್‌ಗಳಲ್ಲಿ ಪರಮಾಣುಗಳು ಪಾಲಿಸಬೇಕಾದ ನಿಯಮಗಳ ಕಟ್ಟಿಗೆ ಫೋರ್ಸ್ ಫೀಲ್ಡ್ ಅಂತಾರೆ. ಕಾರ್ಪ್ಲಸ್ ತಂಡದಿಂದ ಬಂದ ಚಾರ್ಮ್ ಎಂಬ ಫೋರ್ಸ್ ಫೀಲ್ಡಿನಲ್ಲಿ ಸುರುಳಿಗಳು ಸರಿಯಾಗಿ ನಿಲ್ಲುತ್ತಿರಲಿಲ್ಲ. 2004ರಲ್ಲಿ ಅದಕ್ಕೆ ಒಂದು ತಿದ್ದುಪಡಿ ಬಂತು. ಏನದು? ಫೈ ಮತ್ತು ಸೈ ಕೋನಗಳ ಚೌಕದಲ್ಲಿ ಒಂದೊಂದು ಮನೆಗೂ ಇಷ್ಟಿಷ್ಟು ಶಕ್ತಿ ಎಂದು ಬರೆದ ಕೋಷ್ಟಕ. ಅಂದರೆ ರಾಮಚಂದ್ರನ್ ನಕ್ಷೆಯ ಚೌಕವೇ. ಮೊದಲು ಪರೀಕ್ಷೆಗೆ ಅಂತ ಹೊರಗೆ ನಿಂತಿದ್ದ ನಕ್ಷೆ ಈಗ ಯಂತ್ರದ ಒಳಗೇ ಸೇರಿಕೊಂಡಿದೆ.

ಬೆಂಗಳೂರಿಗೆ ವಾಪಸ್, ಜತೆಗೆ ಇನ್ನೊಂದು ಲೆಕ್ಕ

27 ವರ್ಷ ಕುಲಪತಿಯಾಗಿದ್ದ ಮುದಲಿಯಾರ್ 1969ರಲ್ಲಿ ನಿವೃತ್ತರಾದರು. ಸ್ವಲ್ಪ ಸಮಯದಲ್ಲೇ ರಾಮಚಂದ್ರನ್ ಮದ್ರಾಸ್ ಬಿಟ್ಟರು. ಹದಿನೆಂಟು ವರ್ಷ ಕಟ್ಟಿದ ವಿಭಾಗ, ದೇಶವಿದೇಶದ ವಿಜ್ಞಾನಿಗಳು ಹುಡುಕಿಕೊಂಡು ಬರುತ್ತಿದ್ದ ಜಾಗ, ಒಬ್ಬ ಆಡಳಿತಗಾರ ಹೋದ ಮೇಲೆ ಅವರಿಗೆ ಉಸಿರುಗಟ್ಟಿತು. ಈ ಬದುಕಿನಲ್ಲಿ ನನಗೆ ಅತಿ ರಾಜಕೀಯ ಅನ್ನಿಸಿದ ಘಟನೆ ಇದು. ಒಬ್ಬ ಒಳ್ಳೆಯ ಪೋಷಕನ ಮೇಲೆ ನಿಂತ ವ್ಯವಸ್ಥೆ ಆ ಪೋಷಕ ಇರುವಷ್ಟು ದಿನ ಮಾತ್ರ ವ್ಯವಸ್ಥೆ.

ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಒಂದಿಷ್ಟು ಕಾಲ ಇದ್ದು, 1970ರ ದಶಕದ ಆರಂಭದಲ್ಲಿ ಅವರು ಮತ್ತೆ ಬೆಂಗಳೂರಿಗೆ ಬಂದು ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಎಲೆಕ್ಟ್ರಿಕಲ್ ಎಂಜಿನಿಯರ್ ಆಗಲು ಬಂದ ಊರಿಗೇ ಮೂವತ್ತು ವರ್ಷದ ಮೇಲೆ ವಾಪಸ್. ಇವತ್ತು ದೇಶದಲ್ಲಿ ಪ್ರೋಟೀನ್ ಮೇಲೆ ಕೆಲಸ ಮಾಡುವವರಲ್ಲಿ ಎಷ್ಟೋ ಜನರ ಗುರುಗಳ ಗುರುಗಳು ಈ ಎರಡು ಊರಿನ ಎರಡು ವಿಭಾಗದಲ್ಲಿ ಸಿಗುತ್ತಾರೆ.

1971ರಲ್ಲಿ ಅವರೂ ಎ.ವಿ. ಲಕ್ಷ್ಮೀನಾರಾಯಣನ್ ಅವರೂ ಸೇರಿ ಇನ್ನೊಂದು ಲೇಖನ ಪ್ರಕಟಿಸಿದರು. ಒಂದು ವಸ್ತುವನ್ನು ಬೇರೆ ಬೇರೆ ದಿಕ್ಕಿನಿಂದ ತೆಗೆದ ನೆರಳುಗಳಿಂದ ಅದರ ಒಳಗಿನ ಚಿತ್ರ ಕಟ್ಟೋದು ಹೇಗೆ ಅನ್ನೋ ಪ್ರಶ್ನೆ. ಆಗಿದ್ದ ವಿಧಾನಗಳಿಗೆ ತುಂಬಾ ಲೆಕ್ಕ ಬೇಕಿತ್ತು. ಇವರು ತೋರಿಸಿದ ದಾರಿಯಲ್ಲಿ ಕಡಿಮೆ ಲೆಕ್ಕ, ಬೇಗ ಉತ್ತರ. ರೇಡಿಯೋ ಖಗೋಳ ವಿಜ್ಞಾನದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲೇ ಇಂಥದ್ದೇ ದಾರಿ ಕಂಡುಕೊಂಡಿದ್ದರು ಅನ್ನೋದನ್ನೂ ಹೇಳಬೇಕು. ಎಕ್ಸ್-ರೇ ಚಿತ್ರಗಳ ಲೋಕಕ್ಕೆ ಆ ದಾರಿ ತೆರೆದುಕೊಂಡಿದ್ದು ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ ಲೇಖನದಿಂದ. ಮುಂದೆ ಸಿ.ಟಿ. ಸ್ಕ್ಯಾನ್ ಯಂತ್ರಗಳು ದಶಕಗಟ್ಟಲೆ ಈ ಬಗೆಯ ಲೆಕ್ಕದ ಮೇಲೇ ಓಡಿದವು. 1979ರಲ್ಲಿ ಸಿ.ಟಿ. ಸ್ಕ್ಯಾನ್‌ಗಾಗಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ ನೊಬೆಲ್ ಬಂತು. ಅವರಿಬ್ಬರೂ ಅದಕ್ಕೆ ಅರ್ಹರೇ.

ಗಮನಿಸಿ, ಎರಡೂ ಕಡೆ ಒಂದೇ ಬುದ್ಧಿ ಕೆಲಸ ಮಾಡಿದೆ. ಯಂತ್ರ ಕಡಿಮೆ ಇದ್ದ ಕಡೆ ಲೆಕ್ಕವನ್ನು ಚಿಕ್ಕದು ಮಾಡೋದು. ಆದರೆ ಇದನ್ನು ಕೇಳಿ ಬಡತನವೇ ವರ ಅನ್ನೋ ನೀತಿ ತೆಗೆಯಬೇಡಿ. ಕಡಿಮೆ ಯಂತ್ರ ಇದ್ದರೂ ಅವರಿಗೆ ಖಾಯಂ ಹುದ್ದೆ ಇತ್ತು, ವಿದ್ಯಾರ್ಥಿಗಳಿದ್ದರು, ಜರ್ನಲ್‌ಗಳು ತುಂಬಿದ ಲೈಬ್ರರಿ ಇತ್ತು, ಒಂದು ಪ್ರಶ್ನೆಯ ಮೇಲೆ ಎಂಟೊಂಬತ್ತು ವರ್ಷ ಕೂರುವ ಬಿಡುವಿತ್ತು. 1954ರ ಮಾದರಿಗೂ 1963ರ ನಕ್ಷೆಗೂ ನಡುವೆ ಇರೋದು ಆ ವರ್ಷಗಳೇ.

ಕೊನೆಯ ವರ್ಷಗಳು

1977ರಲ್ಲಿ ಅವರು ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಭಟ್ನಾಗರ್ ಪ್ರಶಸ್ತಿ 1961ರಲ್ಲೇ ಬಂದಿತ್ತು. ವಯಸ್ಸಾದಂತೆ ಮನಸ್ಸು ತರ್ಕಶಾಸ್ತ್ರದ ಕಡೆ ಹೊರಳಿತು. ಜೈನರ ಸ್ಯಾದ್ವಾದವನ್ನು ಗಣಿತದ ಭಾಷೆಯಲ್ಲಿ ಬರೆಯಲು ವರ್ಷಗಟ್ಟಲೆ ಕೂತರು. ಹೌದು, ಅಲ್ಲ ಎಂಬ ಎರಡರಲ್ಲೇ ಎಲ್ಲವನ್ನೂ ಮುಗಿಸದೆ, ಇರಬಹುದು, ಹೇಳಲಾಗದು ಅನ್ನೋದಕ್ಕೂ ಜಾಗ ಕೊಡುವ ಆ ಚಿಂತನೆ ಅವರನ್ನು ಸೆಳೆಯಿತು. ಅನುಮತಿ ಮತ್ತು ನಿಷೇಧದ ನಕ್ಷೆ ಬರೆದವರು ಕೊನೆಗೆ ಹೋಗಿ ನಿಂತದ್ದು ಅಲ್ಲಿ.

ಇದೆಲ್ಲದರ ಅಡಿಯಲ್ಲಿ ಇನ್ನೊಂದು ಕತೆ ಹರಿಯುತ್ತಿತ್ತು. ಬದುಕಿನುದ್ದಕ್ಕೂ ಆಗಾಗ ಮಾನಸಿಕ ಅಸ್ವಸ್ಥತೆ ಅವರನ್ನು ಕಾಡಿತು ಅಂತ ಅವರನ್ನು ಹತ್ತಿರದಿಂದ ಬಲ್ಲವರು ಬರೆದಿದ್ದಾರೆ. ಅದರ ನಡುವೆಯೂ ಅವರ ದಿನಚರಿ ಹಳಿ ತಪ್ಪದಂತೆ ನೋಡಿಕೊಂಡವರು ಹೆಂಡತಿ ರಾಜಲಕ್ಷ್ಮಿ. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್, ಪಾರ್ಶ್ವವಾಯು ಎರಡೂ ಬಂದವು. ರಾಜಲಕ್ಷ್ಮಿ ಅವರಿಗಿಂತ ಮೊದಲೇ ಹೋದರು. 1999ರಲ್ಲಿ ಸ್ಫಟಿಕವಿಜ್ಞಾನದ ಅಂತಾರಾಷ್ಟ್ರೀಯ ಒಕ್ಕೂಟ ತನ್ನ ಅತಿ ದೊಡ್ಡ ಗೌರವವಾದ ಎವಾಲ್ಡ್ ಪ್ರಶಸ್ತಿಯನ್ನು ಅವರಿಗೆ ಕೊಟ್ಟಿತು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 78.

ಅವರಿಗೆ ನೊಬೆಲ್ ಯಾಕೆ ಬರಲಿಲ್ಲ ಅಂತ ಪ್ರತಿ ವರ್ಷ ಅಕ್ಟೋಬರಿನಲ್ಲಿ ಯಾರಾದರೂ ಬರೆಯುತ್ತಾರೆ. ನನಗೆ ಆ ಪ್ರಶ್ನೆಯಲ್ಲಿ ಆಸಕ್ತಿ ಹೋಗಿದೆ. ಅಲ್ಲಿ ಕೂತ ಸಮಿತಿ ಏನು ಮಾಡಲಿಲ್ಲ ಅನ್ನೋದಕ್ಕಿಂತ ಇಲ್ಲಿ ಕೂತ ನಾವು ಏನು ಮಾಡುತ್ತಿದ್ದೇವೆ ಅನ್ನೋದು ಕೇಳಬೇಕಾದ ಪ್ರಶ್ನೆ. ದೇಶದ ಒಟ್ಟು ಉತ್ಪನ್ನದಲ್ಲಿ ಸಂಶೋಧನೆಗೆ ಹೋಗಿದ್ದು ಶೇ. 0.64, ಇದು 2020-21ರ ಸರ್ಕಾರಿ ಲೆಕ್ಕ. 2022ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ 3.3 ಪೆಟಾಫ್ಲಾಪ್ಸ್‌ನ ಪರಮ್ ಪ್ರವೇಗ ಸೂಪರ್ ಕಂಪ್ಯೂಟರ್ ಬಂತು. ಸಂತೋಷ, ಬೇಕಾಗಿತ್ತು. 2023ರಲ್ಲಿ ಜೂನಿಯರ್ ರಿಸರ್ಚ್ ಫೆಲೋಗಳ ಮೊತ್ತವನ್ನು ತಿಂಗಳಿಗೆ 37,000 ರೂಪಾಯಿಗೆ ಏರಿಸಿದರು. ಅದೂ ಸಂತೋಷವೇ. ಆದರೆ ಆ ದುಡ್ಡು ಐದು ತಿಂಗಳು ಬಾರದೆ ಇದ್ದಾಗ ಎಷ್ಟಾದರೇನು? ಯಂತ್ರ ತರುವ ದಿನ ರಿಬ್ಬನ್ ಕತ್ತರಿಸಬಹುದು, ಫೋಟೋ ಬರುತ್ತೆ. ಫೆಲೋಶಿಪ್ ತಿಂಗಳ ಒಂದನೇ ತಾರೀಖು ಖಾತೆಗೆ ಬಿದ್ದರೆ ಯಾರ ಫೋಟೋನೂ ಬರಲ್ಲ.

ಇದರ ಪೆಟ್ಟು ಎಲ್ಲರಿಗೂ ಒಂದೇ ಥರ ಬೀಳಲ್ಲ. ಮನೆಯಿಂದ ದುಡ್ಡು ತರಿಸಿಕೊಳ್ಳಬಲ್ಲವರು ಐದು ತಿಂಗಳು ತಡೆದುಕೊಳ್ಳುತ್ತಾರೆ. ನನ್ನ ಜತೆ ಸೇರಿದ್ದ ಒಬ್ಬಳು, ಅವಳ ಮನೆಯಲ್ಲಿ ಡಿಗ್ರಿ ಓದಿದ ಮೊದಲನೆಯವಳು, ಮೂರನೇ ತಿಂಗಳಿಗೆ ಕೋಡಿಂಗ್ ಕೆಲಸ ಹಿಡಿದು ಹೊರಟುಹೋದಳು. ಯಾವ ನಿಯಮವೂ ಅವಳನ್ನು ಹೊರಗೆ ಹಾಕಲಿಲ್ಲ. ಅಣ್ಣಾ ಮಣಿಯವರನ್ನು ತಡೆದ ಹಾಗೆ ಕಾಗದದ ಮೇಲೆ ಯಾರೂ ಅವಳನ್ನು ತಡೆಯಲಿಲ್ಲ. ನಕ್ಷೆಯಲ್ಲಿ ಬಣ್ಣದ ಜಾಗ ಅವಳಿಗೂ ಇತ್ತು. ಅಲ್ಲಿಗೆ ಹೋಗಿ ನಿಲ್ಲುವಷ್ಟು ಕಾಲ ಅವಳ ಹತ್ತಿರ ಇರಲಿಲ್ಲ, ಅಷ್ಟೇ.

ನನ್ನ ದುಡ್ಡು ಆರನೇ ತಿಂಗಳು ಬಂತು, ಹಿಂಬಾಕಿ ಸಮೇತ. ಸದ್ಯಕ್ಕೆ ಉಳಿದಿದ್ದೇನೆ. ತಪ್ಪಿದ್ದ ಆ ಕೊಂಡಿಯನ್ನು ತಿರುಗಿಸಿ ಸರಿಮಾಡಿದೆ. ಚುಕ್ಕಿ ಬಿಳಿಯಿಂದ ಸರಿದು ಬಣ್ಣದೊಳಗೆ ಬಂತು. ಮತ್ತೆ ಕ್ಯೂಗೆ ಹಾಕಿದ್ದೇನೆ, ನನ್ನ ಮುಂದೆ ಹದಿನಾಲ್ಕು ಜನ ಇದ್ದಾರೆ. ಹೋದ ವಾರ ಫೆಲೋಶಿಪ್ ವಿಳಂಬದ ವಿರುದ್ಧ ವಿದ್ಯಾರ್ಥಿಗಳು ಬರೆದ ಮನವಿಗೆ ಸಹಿ ಹಾಕಿದೆ. ಅದರಲ್ಲಿ ಅವಳ ಹೆಸರು ಇರಬೇಕಿತ್ತು.